ಸೆರೆಮನೆಯಲ್ಲಿ ಸಿಕ್ಕ ಬಿಡುಗಡೆ

ರೋಮ್ ಸಾಮ್ರಾಜ್ಯದ ಪಾಠವನ್ನು ಚಕ್ರವರ್ತಿಗಳ ಹೆಸರು, ಯುದ್ಧಗಳ ಇಸವಿ ಹೇಳಿ ಮುಗಿಸಿಬಿಡುತ್ತೇವೆ. ಆ ಸಾಮ್ರಾಜ್ಯದ ಸೆರೆಮನೆಯೊಂದರಲ್ಲಿ ಎಳೆಯ ತಾಯಿಯೊಬ್ಬಳು ಬರೆದಿಟ್ಟ ದಿನಚರಿ ಇಂದಿಗೂ ಉಳಿದಿದೆ. ಕ್ರೈಸ್ತ ಮಹಿಳೆಯರ ಅತ್ಯಂತ ಹಳೆಯ ಬರಹಗಳಲ್ಲಿ ಅದೂ ಒಂದು.

ಬರೆದವಳು ಪೆರ್ಪೆಟುವಾ. ಊರು ಉತ್ತರ ಆಫ್ರಿಕದ ಕಾರ್ಥೇಜ್, ಇಂದಿನ ಟ್ಯುನೀಷಿಯ. ಒಳ್ಳೆಯ ಮನೆತನದವಳು, ಓದು ಬಲ್ಲವಳು, ವಯಸ್ಸು ಸುಮಾರು 22. ಕ್ರೈಸ್ತ ಧರ್ಮಕ್ಕೆ ಸೇರಲು ಹೊರಟಿದ್ದ ಕೆಲವರೊಂದಿಗೆ ಅವಳನ್ನೂ ಹಿಡಿದರು. ಜೊತೆಯಲ್ಲಿ ಫೆಲಿಸಿಟಿ ಎಂಬ ಬಸುರಿ ದಾಸಿ. ಚಕ್ರವರ್ತಿಯ ಕ್ಷೇಮಕ್ಕಾಗಿ ಬಲಿ ಅರ್ಪಿಸಿದರೆ ಬಿಡುಗಡೆ. ಒಲ್ಲೆನೆಂದರೆ ಕಾಡುಮೃಗಗಳ ಬಾಯಿ.

ಆ ಕತ್ತಲು, ಸೆಕೆಯ ನಡುವೆ ಪೆರ್ಪೆಟುವಾಳನ್ನು ಕಾಡಿದ್ದು ಹಸಿದ ಕೂಸಿನ ಚಿಂತೆ. ಮಗುವನ್ನು ಜೊತೆಯಲ್ಲಿಟ್ಟುಕೊಳ್ಳಲು ಅನುಮತಿ ಸಿಕ್ಕಾಗ ಸೆರೆಮನೆಯೇ ಅರಮನೆಯಾಯಿತೆಂದು ಬರೆಯುತ್ತಾಳೆ. ಮುದಿ ತಂದೆ ಕೈಗೆ ಮುತ್ತಿಟ್ಟು, ಕಾಲಿಗೆ ಬಿದ್ದು ಅತ್ತ. ವಿಚಾರಣೆಯ ದಿನ ಮೊಮ್ಮಗನನ್ನು ಎತ್ತಿಕೊಂಡೇ ಬಂದ. ಅಧಿಕಾರಿಯ ಅಪ್ಪಣೆಯಂತೆ ಅವನಿಗೆ ಕೋಲಿನ ಏಟು ಬಿದ್ದಾಗ ತನಗೇ ಬಿದ್ದಂತೆ ನೊಂದಳು. ಆದರೂ ತಾನು ಕ್ರೈಸ್ತಳೆಂಬ ಮಾತನ್ನು ಬದಲಿಸಲಿಲ್ಲ.

ಫೆಲಿಸಿಟಿಯ ಚಿಂತೆ ಬೇರೆ. ಗರ್ಭಿಣಿಯನ್ನು ಕೊಲ್ಲಲು ಕಾನೂನು ಬಿಡುತ್ತಿರಲಿಲ್ಲ; ಜೊತೆಯವರೆಲ್ಲ ಹೋಗಿ ತಾನೊಬ್ಬಳೇ ಉಳಿದುಬಿಟ್ಟರೆ? ಎಂಟನೆಯ ತಿಂಗಳಲ್ಲೇ ಸೆರೆಯಲ್ಲಿ ಹೆರಿಗೆಯಾಯಿತು. ಹೆಣ್ಣುಮಗುವನ್ನು ಕ್ರೈಸ್ತ ಹೆಂಗಸೊಬ್ಬಳು ಮಗಳಂತೆ ಸಾಕಿದಳು.

ಇಲ್ಲಿ ನನ್ನ ತಾಯಿಮನಸ್ಸು ತಡೆಯುತ್ತದೆ. ಮೊಲೆಹಾಲು ಕುಡಿಯುವ ಕೂಸನ್ನು ಬಿಟ್ಟು ಸಾವಿಗೆ ನಡೆಯುವುದು ಎಂಥ ಭಕ್ತಿ?

ಕ್ರಿ.ಶ. 203ರ ಮಾರ್ಚ್ 7ರಂದು ಅಖಾಡದ ಬಾಗಿಲಲ್ಲಿ ನಡೆದದ್ದನ್ನು ಓದಿದಾಗ ಸ್ವಲ್ಪ ಅರ್ಥವಾಗುತ್ತದೆ. ಕೈದಿಗಳಿಗೆ ರೋಮನ್ ದೇವತೆಗಳ ಪೂಜಾರಿಗಳ ವೇಷ ತೊಡಿಸಲು ಹೊರಟರು. ಪೆರ್ಪೆಟುವಾ ಒಪ್ಪಲಿಲ್ಲ. ಈ ಸ್ವಾತಂತ್ರ್ಯ ಉಳಿಸಿಕೊಳ್ಳಲೆಂದೇ ಪ್ರಾಣ ಕೊಡಲು ಬಂದಿದ್ದೇವೆ ಎಂಬುದು ಅವಳ ವಾದ. ಅಧಿಕಾರಿ ಸುಮ್ಮನಾದ. ಒಳಗೆ ಕಾಡುಹಸು ಇಬ್ಬರನ್ನೂ ಕೆಡವಿತು. ಪೆರ್ಪೆಟುವಾ ತಾನೆದ್ದು, ಫೆಲಿಸಿಟಿಗೆ ಕೈಕೊಟ್ಟು ಎಬ್ಬಿಸಿದಳು. ಉಳ್ಳವರ ಮಗಳು, ದಾಸಿ ಇಬ್ಬರೂ ಅಕ್ಕತಂಗಿಯರಂತೆ ಅಕ್ಕಪಕ್ಕ ನಿಂತರು. ಕೊನೆಗೆ ಇಬ್ಬರೂ ಕತ್ತಿಗೆ ಬಲಿಯಾದರು.

ಕೂಸುಗಳನ್ನು ನೆನೆದಾಗ ನನ್ನ ಸಂಕಟ ಈಗಲೂ ಪೂರ್ತಿ ಕರಗುವುದಿಲ್ಲ. ಆದರೆ ಸಾಮ್ರಾಜ್ಯ ಕೇಳಿದ ಬಲಿಯನ್ನು ಅವರು ಕೊಡಲಿಲ್ಲ. ತಾವೇ ಆರಿಸಿಕೊಂಡದ್ದನ್ನು ಕೊಟ್ಟರು. ಕ್ರೈಸ್ತರು ತ್ಯಾಗದಲ್ಲಿ ಕಾಣುವ ಬಿಡುಗಡೆ ಇದೇ ಇರಬೇಕು. ನಾವು ಹೆಂಗಸರು ಮನೆಮಂದಿಗಾಗಿ ದಿನವೂ ಏನಾದರೂ ಬಿಟ್ಟುಕೊಡುತ್ತಲೇ ಇರುತ್ತೇವೆ, ಅದಕ್ಕೂ ತ್ಯಾಗವೆಂದೇ ಹೆಸರು. ಅದರಲ್ಲಿ ನಾವಾಗಿ ಕೊಟ್ಟದ್ದೆಷ್ಟು, ನಮ್ಮಿಂದ ಕಿತ್ತುಕೊಂಡದ್ದೆಷ್ಟು ಎಂದು ಒಮ್ಮೆಯಾದರೂ ಕೇಳಿಕೊಳ್ಳಬೇಡವೇ?