ಸ್ಪ್ರಿಂಗ್‌ಹೇವನ್ ಅಂದ್ರೆ ವಸಂತ ಅಲ್ಲ
ಚೆನ್ನೈ ಬಂದರಿನ ಸ್ಪ್ರಿಂಗ್‌ಹೇವನ್ ಧಕ್ಕೆಯಿಂದ ಒಂದು ಸಂಜೆ ಹಾಯಿದೋಣಿ ರೇಸಿಗೆ ಕ್ರೂ ಆಗಿ ಹೋಗಿದ್ದೆ. ಮುಂದಿನ ಹಾಯಿಯ ಹಗ್ಗ ಹಿಡಿಯೋದು, ದೋಣಿ ವಾಲಿದಾಗ ಗಾಳಿ ಬರೋ ಕಡೆ ಅಂಚಲ್ಲಿ ಕೂತು ಮೈ ಆಚೆ ಚಾಚೋದು, ಇಷ್ಟೇ ಕೆಲಸ. ತಿರುಗುವಾಗ ಹಗ್ಗ ಬಿಡೋಕೆ ಮರೆತು ಬೈಸಿಕೊಂಡೆ. ಬಂದಿದ್ದು ಕೊನೇ ಸ್ಥಾನ, ಬಿಡಿ.

ಧಕ್ಕೆಯ ಹೆಸರು ಬಂದರು ಟ್ರಸ್ಟ್ ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರದು. ಮೊದಲು ಬಂದರಿನ ಬಾಯಿ ಪೂರ್ವಕ್ಕಿತ್ತು. ಅಲೆ ನೇರ ಒಳಗೆ ನುಗ್ತಿತ್ತು. ಅದನ್ನ ಮುಚ್ಚಿಸಿ ಈಶಾನ್ಯಕ್ಕೆ ತೆರೆಸಿದ್ದು ಇವರೇ. ನನ್ನಂಥ ಹೊಸಬರು ಮುಳುಗದೆ ಉಳಿಯೋದು ಆ ಗೋಡೆಯಿಂದ. 1911ರಲ್ಲಿ ಯಾಟ್ ಕ್ಲಬ್ ಶುರುಮಾಡಿದ್ದೂ ಅವರೇ.

ಮರುವರ್ಷ ಅವರ ಆಫೀಸಿಗೆ ತಿಂಗಳಿಗೆ 30 ರೂಪಾಯಿ ಸಂಬಳಕ್ಕೆ ಒಬ್ಬ ಗುಮಾಸ್ತ ಸೇರಿದರು: ಶ್ರೀನಿವಾಸ ರಾಮಾನುಜನ್. 1913ರಲ್ಲಿ ಆ ಗುಮಾಸ್ತನಿಗೆ ವಿಶ್ವವಿದ್ಯಾಲಯದ 75 ರೂಪಾಯಿ ವೇತನ ಸಿಗಲಿ ಅಂತ ಓಡಾಡಿದವರಲ್ಲಿ ಈ ದೋಣಿ ಹುಚ್ಚಿನ ಬಾಸ್ ಕೂಡ ಒಬ್ಬರು.