ಆಟಿಸಂ ಮಕ್ಕಳ ಭಾವಪ್ರಪಂಚ: ಸಂಶೋಧನೆ ಕಂಡುಕೊಂಡದ್ದೇನು?

ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಕಣ್ಣಿಗೆ ಕಣ್ಣು ಸೇರಿಸದ, ತನ್ನಷ್ಟಕ್ಕೆ ತಾನೇ ಆಟಿಕೆಯ ಚಕ್ರ ತಿರುಗಿಸುತ್ತ ಕುಳಿತಿರುವ ಮಗುವಿಗೆ ಹೆತ್ತವರ ಮೇಲೆ ಪ್ರೀತಿಯೇ ಇಲ್ಲವೇ? ಆಟಿಸಂ ಇರುವ ಮಕ್ಕಳ ತಂದೆ-ತಾಯಿಯರನ್ನು ಬಹುವಾಗಿ ಕಾಡುವ ಪ್ರಶ್ನೆಯಿದು. ದಶಕಗಳ ಸಂಶೋಧನೆ ಇದಕ್ಕೆ ನೀಡಿರುವ ಉತ್ತರ ಸಮಾಧಾನಕರವಾಗಿದೆ. ಈ ಮಕ್ಕಳಲ್ಲಿ ಪ್ರೀತಿಯೂ ಇದೆ, ಅಂಟಿಕೊಳ್ಳುವಿಕೆಯೂ ಇದೆ. ಅವರಿಗೆ ಕಷ್ಟವಾಗುವುದು ತಮ್ಮ ಗಮನ ಮತ್ತು ಅನುಭವಗಳನ್ನು ಮತ್ತೊಬ್ಬರೊಡನೆ ಹಂಚಿಕೊಳ್ಳುವುದು.

ಆಟಿಸಂ ಅಥವಾ ಸ್ವಲೀನತೆ ಎಂಬುದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಸಾಮಾಜಿಕ ಸಂವಹನದಲ್ಲಿ ತೊಡಕು, ಒಂದೇ ಚಟುವಟಿಕೆಯ ಪುನರಾವರ್ತನೆ, ಶಬ್ದ, ಬೆಳಕು, ಸ್ಪರ್ಶಗಳಿಗೆ ತೀರಾ ಹೆಚ್ಚಿನ ಅಥವಾ ತೀರಾ ಕಡಿಮೆ ಪ್ರತಿಕ್ರಿಯೆ ಇದರ ಮುಖ್ಯ ಲಕ್ಷಣಗಳು. ಇವುಗಳ ಸ್ವರೂಪ ಮಗುವಿನಿಂದ ಮಗುವಿಗೆ ಭಿನ್ನವಾಗಿರುತ್ತದೆ.

ತಾಯಂದಿರ ಮೇಲೆ ಹೊರಿಸಿದ ದೋಷ

ಅಮೆರಿಕದ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ವಿವರಗಳನ್ನು ದಾಖಲಿಸಿ, ಇತರರೊಡನೆ ಭಾವನಾತ್ಮಕ ಸಂಪರ್ಕ ಸಾಧಿಸುವ ಸಾಮರ್ಥ್ಯದ ಕೊರತೆ ಇವರಲ್ಲಿ ಹುಟ್ಟಿನಿಂದಲೇ ಇದೆ ಎಂದು ಬರೆದರು. ಆದರೆ ಈ ಮಕ್ಕಳ ಪೋಷಕರಲ್ಲಿ ಅಕ್ಕರೆಯುಳ್ಳವರು ವಿರಳ ಎಂಬ ಮಾತನ್ನೂ ಸೇರಿಸಿದರು. ಮುಂದೆ ಅದೇ ಮಾತು ಬೆಳೆದು, ಮಂಜುಗಡ್ಡೆಯಂಥ ತಾಯಂದಿರೇ ಆಟಿಸಂಗೆ ಕಾರಣ ಎಂಬ ವಾದವಾಯಿತು. ಬ್ರೂನೊ ಬೆಟೆಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಇದಕ್ಕೆ ವ್ಯಾಪಕ ಪ್ರಚಾರ ನೀಡಿದರು. ಮಗುವಿನ ಸ್ಥಿತಿಯ ನೋವಿನ ಜೊತೆಗೆ ತಪ್ಪಿತಸ್ಥ ಭಾವವನ್ನೂ ಹೊರುವ ಪಾಡು ಅಸಂಖ್ಯ ತಾಯಂದಿರದಾಯಿತು.

ಸ್ವತಃ ಆಟಿಸಂ ಇದ್ದ ಮಗನ ತಂದೆಯಾಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲೇ ಇದಕ್ಕೆ ಜೈವಿಕ ಕಾರಣಗಳಿವೆ ಎಂದು ಪ್ರತಿಪಾದಿಸಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ 21 ಜೋಡಿ ಅವಳಿಗಳ ಅಧ್ಯಯನದಿಂದ ಅನುವಂಶೀಯತೆಯ ಪಾತ್ರವನ್ನು ತೋರಿಸಿಕೊಟ್ಟರು. ಪಾಲನೆಯ ಲೋಪದಿಂದ ಆಟಿಸಂ ಬರುತ್ತದೆ ಎಂಬುದನ್ನು ವಿಜ್ಞಾನ ಇಂದು ಸಂಪೂರ್ಣ ತಳ್ಳಿಹಾಕಿದೆ.

ಅಗಲಿಕೆ ಮತ್ತು ಮರುಭೇಟಿ

ಮಗುವಿಗೆ ತಾಯಿಯ ಮೇಲಿರುವ ನಂಟನ್ನು ಅಳೆಯಲು ಮನೋವಿಜ್ಞಾನಿಗಳು ಸರಳ ವಿಧಾನವೊಂದನ್ನು ಬಳಸುತ್ತಾರೆ. ಹೊಸ ಕೋಣೆಯೊಂದರಲ್ಲಿ ತಾಯಿ ಮಗುವನ್ನು ಕೆಲ ನಿಮಿಷ ಬಿಟ್ಟು ಹೊರಹೋಗುತ್ತಾಳೆ, ಬಳಿಕ ಹಿಂದಿರುಗುತ್ತಾಳೆ. ಆಗ ಮಗು ಹೇಗೆ ವರ್ತಿಸುತ್ತದೆ ಎಂಬುದನ್ನು ಗಮನಿಸಲಾಗುತ್ತದೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮೇರಿಯನ್ ಸಿಗ್ಮನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇಂಥ ಪ್ರಯೋಗ ನಡೆಸಿದಾಗ, ಆಟಿಸಂ ಇರುವ ಮಕ್ಕಳು ಅಪರಿಚಿತರಿಗಿಂತ ತಾಯಿಯತ್ತಲೇ ಹೆಚ್ಚು ಒಲವು ತೋರಿದರು.

2004ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಈ ವಿಧಾನ ಬಳಸಿದ ನಾಲ್ಕು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಶೇ 53ರಷ್ಟು ಮಕ್ಕಳಲ್ಲಿ ಸುಭದ್ರ ನಂಟು ಕಂಡುಬಂದಿತು. ಸಾಮಾನ್ಯವಾಗಿ ಈ ಪ್ರಮಾಣ ಶೇ 60ರಿಂದ 65ರ ಆಸುಪಾಸಿನಲ್ಲಿರುತ್ತದೆ. ವ್ಯತ್ಯಾಸವಿದೆ, ಆದರೆ ಪ್ರೀತಿಯೇ ಇಲ್ಲವೆಂಬ ತೀರ್ಮಾನಕ್ಕೆ ಇದು ಎಡೆಕೊಡುವುದಿಲ್ಲ.

ಬೆರಳು ತೋರಿಸುವುದರ ಅರ್ಥ

ಹಾಗಾದರೆ ತೊಡಕಿರುವುದೆಲ್ಲಿ? ಪೀಟರ್ ಮಂಡಿ, ಸಿಗ್ಮನ್ ಮೊದಲಾದವರು ಇದಕ್ಕೆ ಉತ್ತರವನ್ನು 'ಜಂಟಿ ಗಮನ'ದಲ್ಲಿ ಕಂಡರು. ಮಗು ಎತ್ತರದಲ್ಲಿರುವ ಬಿಸ್ಕತ್ತಿನ ಡಬ್ಬಿಯತ್ತ ಬೆರಳು ತೋರಿದರೆ ಅದು ಬೇಡಿಕೆ. ಆಕಾಶದಲ್ಲಿ ಹಾರುವ ವಿಮಾನ ತೋರಿಸಿ, ಅಮ್ಮನ ಮುಖ ನೋಡಿ ನಕ್ಕರೆ ಅದು ಹಂಚಿಕೊಳ್ಳುವಿಕೆ. ಬಹುತೇಕ ಮಕ್ಕಳಲ್ಲಿ ಈ ಕೌಶಲ 9ರಿಂದ 14 ತಿಂಗಳ ನಡುವೆ ಮೂಡುತ್ತದೆ. ಆಟಿಸಂ ಇರುವ ಮಕ್ಕಳಿಗೆ ಮೊದಲನೆಯದಕ್ಕಿಂತ ಎರಡನೆಯದು ಹೆಚ್ಚು ಕಷ್ಟ. ಮಾತು ಕಲಿಕೆಗೂ ಇದೇ ತಳಹದಿ. ದೊಡ್ಡವರು ನೋಡುತ್ತಿರುವ ವಸ್ತುವನ್ನೇ ತಾನೂ ನೋಡಿದಾಗಲಷ್ಟೇ ಅವರು ನುಡಿದ ಪದ ಯಾವುದಕ್ಕೆ ಸಂಬಂಧಿಸಿದ್ದೆಂದು ಮಗುವಿಗೆ ಸುಲಭವಾಗಿ ತಿಳಿಯುತ್ತದೆ.

1992ರ ಪ್ರಯೋಗವೊಂದರಲ್ಲಿ ಸಂಶೋಧಕರು ಆಟಿಕೆ ಸುತ್ತಿಗೆಯಿಂದ ಬೆರಳಿಗೆ ಪೆಟ್ಟಾದಂತೆ ನಟಿಸಿದರು. ಇತರ ಮಕ್ಕಳು ನೊಂದವರ ಮುಖವನ್ನೇ ದಿಟ್ಟಿಸಿದರೆ, ಆಟಿಸಂ ಇರುವ ಮಕ್ಕಳು ಅತ್ತ ನೋಡಿದ್ದು ಕಡಿಮೆ. ಆದರೆ ನೋಡದಿರುವುದಕ್ಕೂ ಭಾವನೆಯೇ ಇಲ್ಲದಿರುವುದಕ್ಕೂ ಅಂತರವಿದೆ. ನೋಟವನ್ನು ಅಳೆದಷ್ಟು ಸುಲಭವಾಗಿ ಮನಸ್ಸನ್ನು ಅಳೆಯಲಾಗದು.

ಮೊದಲ ಹುಟ್ಟುಹಬ್ಬದ ವಿಡಿಯೊ

ಆಟಿಸಂ ಪತ್ತೆಯಾಗುವ ಮೊದಲೇ ಇಂಥ ಚಿಹ್ನೆಗಳಿರುತ್ತವೆಯೇ ಎಂದು ತಿಳಿಯಲು ಜೂಲಿ ಆಸ್ಟರ್ಲಿಂಗ್ ಮತ್ತು ಜೆರಾಲ್ಡೀನ್ ಡಾಸನ್ 1994ರಲ್ಲಿ ಹೊಸ ದಾರಿ ಹಿಡಿದರು. ಮುಂದೆ ಆಟಿಸಂ ಇದೆಯೆಂದು ತಿಳಿದುಬಂದ 11 ಮಕ್ಕಳ ಹಾಗೂ ಇತರ 11 ಮಕ್ಕಳ ಮೊದಲ ಹುಟ್ಟುಹಬ್ಬದ ವಿಡಿಯೊಗಳನ್ನು ಹೋಲಿಸಿದರು. ಬೆರಳು ತೋರುವುದು, ವಸ್ತುಗಳನ್ನು ತೋರಿಸುವುದು, ಇತರರ ಮುಖ ನೋಡುವುದು, ಕರೆದಾಗ ತಿರುಗುವುದು, ಈ ನಾಲ್ಕರಲ್ಲಿ ವ್ಯತ್ಯಾಸ ಎದ್ದುಕಂಡಿತು. ಹೀಗಾಗಿ ಮಗು ಮಾತನಾಡಲಿ ಎಂದು ಮೂರು-ನಾಲ್ಕು ವರ್ಷ ಕಾಯುವ ಅಗತ್ಯವಿಲ್ಲ ಎಂಬುದು ಖಚಿತವಾಯಿತು.

ಈ ಚಿತ್ರಕ್ಕೆ ಇನ್ನೊಂದು ಮುಖವೂ ಇದೆ. ಸ್ವತಃ ಆಟಿಸಂ ಹೊಂದಿರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್, ಅರ್ಥೈಸಿಕೊಳ್ಳುವ ತೊಡಕು ಎರಡೂ ಕಡೆ ಇದೆ ಎಂದು 2012ರಲ್ಲಿ ವಾದಿಸಿದರು. ಆಟಿಸಂ ಇರುವವರ ಭಾವಾಭಿವ್ಯಕ್ತಿಯನ್ನು ಓದುವಲ್ಲಿ ಉಳಿದವರೂ ಎಡವುತ್ತಾರೆ ಎಂಬುದು ಅವರ ನಿಲುವು.

ಗೋವಾದ ಪ್ರಯೋಗ

ಈ ಅರಿವನ್ನು ದಕ್ಷಿಣ ಏಷ್ಯಾದ ಮನೆಗಳಿಗೆ ಒಯ್ಯುವ ಯತ್ನವೂ ನಡೆದಿದೆ. ಗೋವಾ ಹಾಗೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 2ರಿಂದ 9 ವರ್ಷದ 65 ಮಕ್ಕಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು, ತಜ್ಞರಲ್ಲದಿದ್ದರೂ, ಪೋಷಕರು ಮಗುವಿನೊಡನೆ ಆಡುವ ವಿಡಿಯೊ ತೆಗೆದು, ಅವರೊಂದಿಗೇ ಕುಳಿತು ನೋಡಿ ಸಲಹೆ ನೀಡಿದರು. ಪೋಷಕರು ಮಗುವಿನ ಆಸಕ್ತಿಗೆ ಸ್ಪಂದಿಸುವ ರೀತಿ ಸುಧಾರಿಸಿತು. ಮಗು ತಾನಾಗಿ ಸಂವಹನಕ್ಕೆ ತೊಡಗುವುದೂ ಹೆಚ್ಚಿತು. ಆದರೆ ಪರಸ್ಪರ ಗಮನ ಹಂಚಿಕೊಂಡ ಸಮಯ ಹೆಚ್ಚಲಿಲ್ಲ, ಕಡಿಮೆಯಾಯಿತು. ಒಂದೇ ವಿಧಾನದಿಂದ ಎಲ್ಲವೂ ಸರಿಹೋಗದು ಎಂಬುದಕ್ಕೆ ಇದು ನಿದರ್ಶನ.

ಪೋಷಕರು ಗಮನಿಸಬೇಕಾದುದು

ವರ್ಷ ತುಂಬಿದರೂ ಹೆಸರಿಗೆ ಓಗೊಡದಿರುವುದು, ಒಂದೂವರೆ ವರ್ಷವಾದರೂ ಯಾವುದನ್ನೂ ಬೆರಳಿಟ್ಟು ತೋರಿಸದಿರುವುದು, ಕಲಿತ ಮಾತು ಮರೆಯಾಗುವುದು ಕಂಡುಬಂದರೆ ಶಿಶುವೈದ್ಯರನ್ನು ಕಾಣಬೇಕು. ಮೊದಲು ಶ್ರವಣ ಪರೀಕ್ಷೆ ಮಾಡಿಸುವುದು ಒಳಿತು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತಪಾಸಣೆಯ ಸೌಲಭ್ಯವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಸೇರಿದೆ.

ವರದಿ ಕೈಸೇರುವ ತನಕ ಸುಮ್ಮನಿರಬೇಕಾಗಿಲ್ಲ. ಮಗು ಚಕ್ರ ತಿರುಗಿಸುತ್ತಿದ್ದರೆ ಅದನ್ನು ಕಸಿಯುವ ಬದಲು ಪಕ್ಕದಲ್ಲಿ ಕುಳಿತು ಆ ಆಟಕ್ಕೇ ಜೊತೆಯಾಗುವುದು ಯಾವ ಮನೆಯಲ್ಲಾದರೂ ಸಾಧ್ಯ.