ಬೈಕಿನ ಥ್ರೆಡ್ ಸರಿಪಡಿಸಲು ಕೈಯಲ್ಲೇ ಮಾಡಿಕೊಳ್ಳುವ ಸಾಧನಗಳು

ಬೈಕ್ ಎಂಜಿನ್ನಿನ ಹೆಡ್ ಮತ್ತು ಕವರ್ ಅಲ್ಯೂಮಿನಿಯಂನವು, ಬೋಲ್ಟ್ ಉಕ್ಕಿನದು. ಬೋಲ್ಟನ್ನು ಓರೆಯಾಗಿ ತಿರುಗಿಸಿದರೆ ಅಥವಾ ಅತಿಯಾಗಿ ಬಿಗಿದರೆ ಮೆದುವಾದ ಅಲ್ಯೂಮಿನಿಯಂನ ಥ್ರೆಡ್ ಮೊದಲು ಕೆಡುತ್ತದೆ. ಥ್ರೆಡ್ ಕೇವಲ ನಸುಕಿದ್ದರೆ ಅಥವಾ ಅದರಲ್ಲಿ ಮಸಿ, ತುಕ್ಕು ತುಂಬಿದ್ದರೆ ಹೊಸ ಹೆಡ್ ಕೊಳ್ಳಬೇಕಾಗಿಲ್ಲ. ಊರ ಗ್ಯಾರೇಜಿನಲ್ಲೇ ಸಾಧನ ಮಾಡಿಕೊಂಡು ಸರಿಪಡಿಸಬಹುದು.

ಅಳತೆ: ಬೋಲ್ಟಿನ ದಪ್ಪ ಒಂದೇ ಸಾಲದು. ಎರಡು ಗೆರೆಗಳ ನಡುವಿನ ಅಂತರ, ಅಂದರೆ ಪಿಚ್ ಕೂಡ ಹೊಂದಬೇಕು. ಎಂಜಿನ್ ಕವರಿನ 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 1 ಮಿ.ಮೀ. ಪಿಚ್ ಇರುತ್ತದೆ. 10 ಮಿ.ಮೀ. ಸ್ಪಾರ್ಕ್ ಪ್ಲಗ್ಗಿನ ಪಿಚ್ 1 ಮಿ.ಮೀ.; 12 ಮತ್ತು 14 ಮಿ.ಮೀ. ಪ್ಲಗ್ಗಿನದು 1.25 ಮಿ.ಮೀ.

ಒಳ ಥ್ರೆಡ್ಡಿಗೆ: ಅದೇ ಅಳತೆಯ, ತಲೆಯ ಮೇಲೆ 8.8 ಎಂದಿರುವ ಗಟ್ಟಿ ಬೋಲ್ಟ್ ತೆಗೆದುಕೊಳ್ಳಿ. ತುದಿಯನ್ನು ಅರದಿಂದ ಸ್ವಲ್ಪ ಇಳಿಜಾರಾಗಿ ಉಜ್ಜಿ. ಉದ್ದಕ್ಕೂ ಹ್ಯಾಕ್ಸಾದಿಂದ 3 ಅಥವಾ 4 ಸೀಳು ಕೊಯ್ದು, ಅಂಚಿನ ಮುಳ್ಳುಗಳನ್ನು ತೆಗೆಯಿರಿ. ಸೀಳಿಗೆ ಗ್ರೀಸ್ ತುಂಬಿ ಕೈಯಿಂದಲೇ ತಿರುಗಿಸಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಹೀಗೆ ಸಾಗಿದರೆ ಕಸ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ಲಗ್ ರಂಧ್ರಕ್ಕೆ: ಅಂಗಡಿಯ 10 ಮಿ.ಮೀ. ಬೋಲ್ಟ್ ಸಾಮಾನ್ಯವಾಗಿ 1.5 ಅಥವಾ 1.25 ಪಿಚ್ಚಿನದು, ಅದನ್ನು ಹಾಕಿದರೆ ಹೆಡ್ ಕೆಡುತ್ತದೆ. ಅದೇ ಮಾದರಿಯ ಹಳೆಯ ಪ್ಲಗ್ಗಿನ ಥ್ರೆಡ್ ಮೇಲೆಯೇ ತೆಳುವಾದ ಸೀಳು ಕೊಯ್ಯಿರಿ. ಸೀಳು ಆಳವಾಗಿ ಒಳಗಿನ ಪಿಂಗಾಣಿ ಒಡೆದರೆ ಆ ಪ್ಲಗ್ ಬಳಸಬೇಡಿ. ಚೂರು ಸಿಲಿಂಡರಿಗೆ ಬಿದ್ದರೆ ಗೀರು ಬೀಳುತ್ತದೆ.

ಹೊರ ಥ್ರೆಡ್ಡಿಗೆ: ಸರಿಯಾದ ನಟ್ ಒಂದನ್ನು ಎರಡು ಹೋಳು ಮಾಡಿ. ತುದಿ ನಸುಕಿದ ಸ್ಟಡ್ಡಿನ ಹಿಂಬದಿಯ ಒಳ್ಳೆಯ ಥ್ರೆಡ್ ಮೇಲೆ ಹೋಳುಗಳನ್ನು ಕೂರಿಸಿ, ಲಾಕಿಂಗ್ ಪ್ಲೈಯರಿನಲ್ಲಿ ಹಿಡಿದು, ಎಣ್ಣೆ ಬಿಟ್ಟು ಹೊರಕ್ಕೆ ತಿರುಗಿಸುತ್ತ ಬನ್ನಿ. ಒಳ್ಳೆಯ ಗೆರೆಯೇ ದಾರಿ ತೋರಿಸುವುದರಿಂದ ಓರೆಯಾಗುವುದಿಲ್ಲ.

ಮಿತಿ: ಈ ಸಾಧನಗಳು ಬಾಗಿದ ಗೆರೆಯನ್ನು ನೆಟ್ಟಗೆ ಮಾಡುತ್ತವೆ, ಕಿತ್ತುಹೋದ ಗೆರೆಯನ್ನು ಹುಟ್ಟಿಸಲಾರವು. ಬೋಲ್ಟ್ ಬಿಗಿಯದೆ ಸುಮ್ಮನೆ ಸುತ್ತುತ್ತಿದ್ದರೆ ಲೇತ್ ಅಂಗಡಿಗೆ ಒಯ್ಯಬೇಕು. ಅಲ್ಲಿ ರಂಧ್ರವನ್ನು ದೊಡ್ಡದು ಮಾಡಿ, ವಿಶೇಷ ಟ್ಯಾಪ್ ಹೊಡೆದು, ಉಕ್ಕಿನ ಸುರುಳಿ ಕೂರಿಸುತ್ತಾರೆ. 6 ಮಿ.ಮೀ. ಬೋಲ್ಟಿನ ಸುರುಳಿಗೆ ಸುಮಾರು 6.3 ಮಿ.ಮೀ. ಡ್ರಿಲ್ ಬೇಕು.

ಬ್ರೇಕ್ ಮತ್ತು ಚಕ್ರದ ಆಕ್ಸಲ್‌ನ ಥ್ರೆಡ್ ಕೆಟ್ಟರೆ ಭಾಗವನ್ನೇ ಬದಲಾಯಿಸಿ. ಅಲ್ಲಿ ಉಳಿಸುವ ಹಣಕ್ಕಿಂತ ಸವಾರನ ಜೀವ ದೊಡ್ಡದು.